ಇಪ್ಪತ್ತು ಕೊಡ ನೀರು, ಎರಡನೇ ಅಂತಸ್ತು

ಗೂಡ್ಸ್ ಆಟೋದಿಂದ ಇಳಿಸಿದ ಗಾಜಿನ ತೊಟ್ಟಿಯನ್ನು ಇಬ್ಬರು ಹುಡುಗರು ಮೆಟ್ಟಿಲಿನ ತಿರುವುಗಳಲ್ಲಿ ಉಸಿರು ಬಿಗಿಹಿಡಿದು ದಾಟಿಸಿ, ಎರಡನೇ ಅಂತಸ್ತಿನ ಮನೆಯ ಹಾಲ್‌ನಲ್ಲಿ ಹಳೇ ಜಮಖಾನದ ಮೇಲೆ ಇಟ್ಟು ಹೋದರು. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಎರಡು ಅಡಿ ಎತ್ತರ. ಹತ್ತನೇ ತರಗತಿಯಲ್ಲಿ ನೂರಕ್ಕೆ ತೊಂಬತ್ತು ದಾಟಿದರೆ ಕೇಳಿದ್ದು ಕೊಡಿಸುತ್ತೇನೆಂದು ತಂದೆ ಮಾತು ಕೊಟ್ಟಿದ್ದರು. ಹುಡುಗ ಮೊಬೈಲನ್ನಾಗಲಿ ಬೈಕನ್ನಾಗಲಿ ಕೇಳದೆ ಮೀನು ಕೇಳಿದ. ತಾಯಿಗೆ ಅದೇ ದೊಡ್ಡ ಸಮಾಧಾನವಾಗಿತ್ತು.

ಮನೆ ಇದ್ದದ್ದು ಹೊಸಪೇಟೆಯಲ್ಲಿ. ಮೂಲ ಊರು ಮೆಟ್ರಿ. ಮೊದಲು ಎರಡೂ ಊರು ಒಂದೇ ತಾಲ್ಲೂಕಿನಲ್ಲಿದ್ದವು. ಈಗ ಮೆಟ್ರಿ ಕಂಪ್ಲಿ ತಾಲ್ಲೂಕಿಗೆ ಸೇರಿ ಬಳ್ಳಾರಿ ಜಿಲ್ಲೆಯಲ್ಲೇ ಉಳಿದಿದೆ, ಹೊಸಪೇಟೆ 2021ರಿಂದ ವಿಜಯನಗರ ಜಿಲ್ಲೆಯ ಕೇಂದ್ರವಾಗಿದೆ. ಜಿಲ್ಲೆ ಬೇರೆಯಾದರೂ ಬಸ್ಸಿನ ಓಡಾಟವೇನೂ ನಿಂತಿಲ್ಲ. ತಂದೆಗೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ತಾತ ಮಾತ್ರ ಮೆಟ್ರಿ ಬಿಟ್ಟು ಬಂದವರಲ್ಲ. ಕಣ್ಣಿನ ಪೊರೆಯ ಆಪರೇಷನ್ನಿಗೆಂದು ಒಂದು ತಿಂಗಳ ಮಟ್ಟಿಗೆ ಮಗನ ಮನೆಗೆ ಬಂದಿದ್ದರು.

ತಾತನಿಗೆ ಒಂದು ಅಭ್ಯಾಸವಿತ್ತು. ಯಾರ ಮನೆಗೆ ಹೋದರೂ ಮೊದಲು ತಲೆಯೆತ್ತಿ ಚಾವಣಿ ನೋಡುವರು, ಆಮೇಲೆ ಕೂರುವರು. ಮಲಗುವುದು ಗೋಡೆಯ ಪಕ್ಕ ಅಥವಾ ಬಾಗಿಲ ಹತ್ತಿರವೇ ಹೊರತು ಕೋಣೆಯ ನಡುವೆ ಎಂದೂ ಇಲ್ಲ. ಮನೆಯವರಿಗೆ ಇದು ತಮಾಷೆಯ ವಿಷಯವಾಗಿಬಿಟ್ಟಿತ್ತು. ಅಂದು ಅವರು ತೊಟ್ಟಿಯ ಸುತ್ತ ಒಮ್ಮೆ ಕೈಯಾಡಿಸಿ ಕೇಳಿದರು:

"ಎಷ್ಟು ಕೊಡ ನೀರು ಹಿಡಿತೈತೋ ತಮ್ಮಾ ಇದು?"

ಹುಡುಗ ಕೊಡದ ಲೆಕ್ಕದಲ್ಲಿ ಯೋಚಿಸಿದವನಲ್ಲ. ಮುನ್ನೂರು ಲೀಟರ್ ಅಂದ. ಕೊಡಕ್ಕೆ ಹದಿನೈದು ಲೀಟರ್ ಹಿಡಿದರೆ ಇಪ್ಪತ್ತು ಕೊಡ.

"ಇಪ್ಪತ್ತು ಕೊಡ ನೀರು ಮಾಳಿಗಿ ಮ್ಯಾಲ ಕುಂದ್ರುಸ್ತೀರೇನು? ಕೆಳಗ ಯಾರದಾರ?"

ಕೆಳಗಿನ ಮನೆಯಲ್ಲಿ ಹೆರಿಗೆಗೆ ತವರಿಗೆ ಬಂದ ಮಗಳು ಇದ್ದಳು. ಮಗುವಿಗೆ ಎರಡು ತಿಂಗಳು. ತೊಟ್ಟಿಲನ್ನು ಚಾವಣಿಯ ಕೊಂಡಿಗೆ ಕಟ್ಟಿದ್ದರು. ಹುಡುಗನ ತಾಯಿಗೆ ಅದು ಥಟ್ಟನೆ ನೆನಪಾಯಿತು. ಮೇಲೊಂದು ತೊಟ್ಟಿ, ಕೆಳಗೊಂದು ತೊಟ್ಟಿಲು. ಇನ್ನು ಒಂದು ಲೋಟ ನೀರನ್ನೂ ಅದಕ್ಕೆ ಹಾಕಕೂಡದು ಎಂದು ಅವರು ಹಟ ಹಿಡಿದರು.

ಪಿ.ಯು.ಸಿ. ವಿಜ್ಞಾನಕ್ಕೆ ಸೇರಿದ್ದ ಹುಡುಗ ನೋಟ್‌ಬುಕ್ ತೆರೆದ. ಇದೇನೂ ಕಷ್ಟದ ಲೆಕ್ಕವಲ್ಲ, ಓದುವ ವಿದ್ಯಾರ್ಥಿಗಳೂ ಮಾಡಿ ನೋಡಬಹುದು. 120 ಸೆಂಟಿಮೀಟರ್ ಉದ್ದ, 45 ಅಗಲ, 55 ಸೆಂಟಿಮೀಟರ್ ಎತ್ತರಕ್ಕೆ ನೀರು ತುಂಬಿದರೆ 297 ಲೀಟರ್. ತಳದ ಮರಳು ಮತ್ತು ಕಲ್ಲು ಸ್ವಲ್ಪ ಜಾಗ ಹಿಡಿಯುವುದರಿಂದ ನೀರು 275 ಲೀಟರ್ ಅನ್ನೋಣ. ಒಂದು ಲೀಟರ್ ನೀರು ಒಂದು ಕೆ.ಜಿ. ಗಾಜು 10 ಮಿಲಿಮೀಟರ್ ದಪ್ಪ. ಅಂಥ ಗಾಜು ಚದರ ಮೀಟರಿಗೆ 25 ಕೆ.ಜಿ. ತೂಗುತ್ತದೆ, ಐದು ಹಾಳೆ ಸೇರಿ 63 ಕೆ.ಜಿ. ಮರಳು ಮತ್ತು ಕಲ್ಲು 65, ಕಬ್ಬಿಣದ ಸ್ಟ್ಯಾಂಡು, ಮುಚ್ಚಳ, ದೀಪ ಎಲ್ಲ ಸೇರಿ 37. ಒಟ್ಟು 440 ಕೆ.ಜಿ. ಮೀನುಗಳನ್ನು ಅವನು ಲೆಕ್ಕಕ್ಕೆ ಹಿಡಿಯಲಿಲ್ಲ. ಅವುಗಳ ತೂಕ ಅರ್ಧ ಕೆ.ಜಿ.ಯೂ ಇರಲಿಲ್ಲ.

ಆಮೇಲೆ ಅವನು ಮಾಡಿದ ಲೆಕ್ಕ ಅವನನ್ನೇ ಹೆದರಿಸಿತು. ತೊಟ್ಟಿಯ ತಳದ ವಿಸ್ತೀರ್ಣ ಅರ್ಧ ಚದರ ಮೀಟರಿಗಿಂತ ತುಸು ಹೆಚ್ಚು, 0.54. 440ನ್ನು ಅದರಿಂದ ಭಾಗಿಸಿದರೆ ಚದರ ಮೀಟರಿಗೆ 800 ಕೆ.ಜಿ.ಗೂ ಮೇಲೆ. ಭಾರತೀಯ ಮಾನಕದ ಪ್ರಕಾರ (ಐ.ಎಸ್. 875, ಎರಡನೇ ಭಾಗ, 1987) ವಾಸದ ಮನೆಯ ಕೋಣೆಗಳ ನೆಲವನ್ನು ಅದರ ಸ್ವಂತ ತೂಕದ ಜೊತೆಗೆ ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಸುಮಾರು 200 ಕೆ.ಜಿ. ಭಾರಕ್ಕೆ ವಿನ್ಯಾಸ ಮಾಡಬೇಕು. ನಾಲ್ಕು ಪಟ್ಟು ಹೆಚ್ಚು! ತಾತ ಹೇಳಿದ್ದೇ ಸರಿ ಎಂದು ಹುಡುಗ ಪುಸ್ತಕ ಮುಚ್ಚಿದ.

ರಾತ್ರಿ ಶಿಫ್ಟ್ ಮುಗಿಸಿ ಬಂದ ತಂದೆ ಇದನ್ನು ಕೇಳಿ ನಕ್ಕರು. ಗೃಹಪ್ರವೇಶದ ದಿನ ಇದೇ ಹಾಲ್‌ನಲ್ಲಿ ಮೂವತ್ತು ಜನ ಒಟ್ಟಿಗೆ ಊಟಕ್ಕೆ ಕೂತಿದ್ದರು. ತಲೆಗೆ 60 ಕೆ.ಜಿ. ಎಂದರೂ 1800 ಕೆ.ಜಿ. ಆಯಿತು. ಆಗ ಏನಾಯಿತು? ಏನೂ ಆಗಲಿಲ್ಲ. ಈಗ 440ಕ್ಕೆ ಏನಾಗುತ್ತದೆ?

ಅಪ್ಪ ಮಗ ಇಬ್ಬರ ಲೆಕ್ಕದಲ್ಲೂ ಕೂಡು ಕಳೆಯುವ ತಪ್ಪಿರಲಿಲ್ಲ. ಆದರೂ ಒಬ್ಬ ಹೆದರಿದ, ಇನ್ನೊಬ್ಬರು ನಕ್ಕರು. ನೆಲ ಭಾರ ಹೊರುವುದು ಹೇಗೆ ಎಂಬುದನ್ನು ಇಬ್ಬರೂ ಕೇಳಿಕೊಂಡಿರಲಿಲ್ಲ. ತಕ್ಕಡಿಯ ತಟ್ಟೆಯಂತೆ ನೆಲ ಇಂತಿಷ್ಟು ಕೆ.ಜಿ.ಯವರೆಗೆ ತಡೆದು ಆಮೇಲೆ ಮುರಿಯುವ ವಸ್ತುವಲ್ಲ. ಅದು ಬಾಗಿ ಹೊರುತ್ತದೆ. ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಆದರೆ ಬಾಗಿಯೇ ಬಾಗುತ್ತದೆ. ಬಾಗಿದಾಗ ಅದರ ಮೇಲ್ಮೈ ಒತ್ತಿಕೊಳ್ಳುತ್ತದೆ, ಕೆಳಮೈ ಹಿಗ್ಗಿ ಎಳೆತಕ್ಕೆ ಒಳಗಾಗುತ್ತದೆ.

ಹೊಸಪೇಟೆಯ ಹುಡುಗರಿಗೆ ಇದನ್ನು ಕಾಣಲು ಪ್ರಯೋಗಾಲಯ ಬೇಕಿಲ್ಲ, ಹಂಪಿಗೆ ಹೋದರೆ ಸಾಕು. ಅಲ್ಲಿನ ಮಂಟಪಗಳಲ್ಲಿ ಕಂಬಗಳು ಅಷ್ಟು ಒತ್ತೊತ್ತಾಗಿ ನಿಂತಿರುವುದು ಅಂದಕ್ಕೆ ಮಾತ್ರವಲ್ಲ. ಕಲ್ಲು ಒತ್ತಡಕ್ಕೆ ಗಟ್ಟಿ, ಎಳೆತಕ್ಕೆ ಬಡವ. ಕಲ್ಲಿನ ತೊಲೆಯನ್ನು ದೂರ ದೂರದ ಎರಡು ಕಂಬಗಳ ಮೇಲೆ ಇಟ್ಟರೆ ನಡುವೆ ಅದರ ಕೆಳಮೈ ಬಿರುಕು ಬಿಡುತ್ತದೆ. ಆದ್ದರಿಂದ ವಿಜಯನಗರದ ಶಿಲ್ಪಿಗಳು ಕಂಬಗಳನ್ನು ಹತ್ತಿರ ತಂದರು. ಅದೇ ಊರಿನ ಆನೆಲಾಯದಲ್ಲಿ ಹನ್ನೊಂದು ಕೋಣೆಗಳಿವೆ, ಆನೆ ತಿರುಗಾಡುವಷ್ಟು ವಿಶಾಲ, ನಡುವೆ ಒಂದು ಕಂಬವೂ ಇಲ್ಲ. ಏಕೆಂದರೆ ಅಲ್ಲಿ ಮೇಲಿರುವುದು ಚಪ್ಪಟೆ ಚಪ್ಪಡಿಯಲ್ಲ, ಗುಮ್ಮಟ. ಗುಮ್ಮಟ ತನ್ನ ಭಾರದ ಬಹುಪಾಲನ್ನು ಒತ್ತಡವಾಗಿಯೇ ಗೋಡೆಗೆ ಇಳಿಸಿಬಿಡುತ್ತದೆ. ಪ್ರವಾಸಕ್ಕೆ ಕರೆದೊಯ್ಯುವ ಶಾಲೆಗಳು ಈ ಎರಡು ಕಟ್ಟಡಗಳನ್ನು ಒಂದರ ಹಿಂದೆ ಒಂದು ತೋರಿಸಿದರೆ ಮಕ್ಕಳಿಗೆ ಒಂದು ಅಧ್ಯಾಯವೇ ಅರ್ಥವಾದೀತು. ಆದರೆ ಬಹಳಷ್ಟು ಮಕ್ಕಳು ಅಲ್ಲಿ ಫೋಟೋ ತೆಗೆಸಿಕೊಂಡು ಬರುತ್ತಾರೆ.

ಕಾಂಕ್ರೀಟು ಈ ವಿಷಯದಲ್ಲಿ ಕಲ್ಲಿನ ತಮ್ಮ. ಎಳೆತಕ್ಕೆ ಆಗದು. ಅದಕ್ಕೇ ಎಳೆತ ಬರುವ ಕಡೆ ಉಕ್ಕಿನ ಸರಳು ಹಾಕುತ್ತಾರೆ. ಕೋಣೆಯ ಸ್ಲ್ಯಾಬಿನ ನಡುಭಾಗದಲ್ಲಿ ಸರಳು ಕೆಳಗಿರಬೇಕು. ಆ ಸರಳನ್ನು ಕಾರ್ಖಾನೆಯಲ್ಲಿ ದಿನವೂ ನೋಡುವ ತಂದೆಗೆ ಅದು ಸ್ಲ್ಯಾಬಿನ ಒಳಗೆ ಎಲ್ಲಿ ಕೂತಿದೆ ಎಂದು ಯೋಚಿಸುವ ಸಂದರ್ಭ ಬಂದಿರಲಿಲ್ಲ.

ಇನ್ನು ಭಾರ ಎಲ್ಲಿದೆ ಎಂಬ ಪ್ರಶ್ನೆ. ಮೂರು ಮೀಟರ್ ಅಗಲದ ಕೋಣೆಯ ಎರಡು ಗೋಡೆಗಳ ಮೇಲೆ ಒಂದು ಹಲಗೆ ಇಟ್ಟಂತೆ ಊಹಿಸೋಣ. 440 ಕೆ.ಜಿ.ಯನ್ನು ನಟ್ಟನಡುವೆ ಇಟ್ಟರೆ ಹಲಗೆಯನ್ನು ಬಾಗಿಸುವ ಶಕ್ತಿ, ಭೌತಶಾಸ್ತ್ರದ ಪುಸ್ತಕದ ಭ್ರಾಮಕ, 330 ಕೆ.ಜಿ.-ಮೀಟರ್. ಅದೇ ತೊಟ್ಟಿಯ ನಡುಗೆರೆ ಗೋಡೆಯಿಂದ 30 ಸೆಂಟಿಮೀಟರ್ ದೂರದಲ್ಲಿದ್ದರೆ 120 ಮಾತ್ರ, ಸುಮಾರು ಮೂರರಲ್ಲಿ ಒಂದು ಪಾಲು. ತೂಕ ಒಂದು ಗ್ರಾಂ ಕೂಡ ಕಡಿಮೆಯಾಗಿಲ್ಲ. ನಿಜವಾದ ಸ್ಲ್ಯಾಬ್ ಹಲಗೆಗಿಂತ ಉತ್ತಮ, ಅಕ್ಕಪಕ್ಕದ ಭಾಗವನ್ನೂ ಜೊತೆಗೆ ಕರೆದುಕೊಂಡು ಹೊರುತ್ತದೆ. ಚದರ ಮೀಟರಿಗೆ 200 ಕೆ.ಜಿ. ಎಂಬುದು ಕೋಣೆಯ ಉದ್ದಗಲಕ್ಕೂ ಹರಡಿದ ಭಾರದ ಮಾತು. ಹುಡುಗ ಅದನ್ನು ತೊಟ್ಟಿಯ ಕಾಲುಗಳ ನಡುವಿನ ತುಂಡು ನೆಲಕ್ಕೆ ಅನ್ವಯಿಸಿ ಹೆದರಿದ. ಹಾಗೆ ನೋಡಿದರೆ ಹಿಮ್ಮಡಿಯೂರಿ ನಿಂತ ಮನುಷ್ಯನೂ ನೆಲಕ್ಕೆ ಅಪಾಯವೇ.

ಹಾಗೆಂದು ತಂದೆಯ ನಗೆಯನ್ನೂ ಒಪ್ಪುವಂತಿರಲಿಲ್ಲ. ಊಟಕ್ಕೆ ಬಂದ ಮೂವತ್ತು ಜನ ಸಂಜೆ ಎದ್ದು ಹೋದರು. ಮೀನಿನ ತೊಟ್ಟಿ ಎದ್ದು ಹೋಗುವುದಿಲ್ಲ. ಕಾಂಕ್ರೀಟಿಗೆ ಒಂದು ಗುಣವಿದೆ, ಸದಾ ಕಾಲ ಕೂತ ಭಾರಕ್ಕೆ ಅದು ವರ್ಷಗಟ್ಟಲೆ ಮೆಲ್ಲಮೆಲ್ಲನೆ ಬಾಗುತ್ತಲೇ ಹೋಗುತ್ತದೆ. ಭಾರ ಇಟ್ಟ ದಿನ ಎಷ್ಟು ಬಾಗಿತೋ ಮುಂದಿನ ವರ್ಷಗಳಲ್ಲಿ ಹೆಚ್ಚುಕಡಿಮೆ ಇನ್ನೂ ಅಷ್ಟೇ ಸೇರಬಹುದು. ಹೊಸ ಕಾಂಕ್ರೀಟಾದರೆ ಇನ್ನೂ ಹೆಚ್ಚು. ಪುಸ್ತಕ ತುಂಬಿದ ಕಪಾಟು, ಕಬ್ಬಿಣದ ಬೀರು, ಅಕ್ಕಿ ಮೂಟೆ ಎಲ್ಲಕ್ಕೂ ಇದೇ ಮಾತು.

ಕೊನೆಗೆ ಸೊಸೆಯ ಹಟಕ್ಕೂ ಮಾವನ ಅನುಮಾನಕ್ಕೂ ಮಣಿದು, ತಂದೆ ತಮ್ಮ ಪರಿಚಯದ ಒಬ್ಬ ನಿವೃತ್ತ ಸಿವಿಲ್ ಎಂಜಿನಿಯರನ್ನು ಕರೆತಂದರು. ಎಪ್ಪತ್ತರ ಹತ್ತಿರದ ಮನುಷ್ಯ. ಚಹಾ ಕುಡಿದು, ತೊಟ್ಟಿಯನ್ನು ಒಮ್ಮೆಯಷ್ಟೇ ನೋಡಿ, "ನಡೀರಿ, ಕೆಳಗಿನ ಮನೆಗೆ ಹೋಗೋಣ" ಅಂದರು. ಎಲ್ಲರಿಗೂ ಆಶ್ಚರ್ಯ. ತಾತನಿಗೆ ಮಾತ್ರ ಆಶ್ಚರ್ಯವಾಗಲಿಲ್ಲ. ತಮ್ಮ ಮನೆಯ ನೆಲವನ್ನು ನೋಡಬೇಕಾದರೆ ಕೆಳಗಿನವರ ಚಾವಣಿಯನ್ನೇ ನೋಡಬೇಕು ಎಂಬುದು ಅವರಿಗೆ ಹೊಸ ವಿಷಯವಲ್ಲ.

ಕೆಳಗಿನ ಮನೆಯಾಕೆ ಮಗುವನ್ನು ಎತ್ತಿಕೊಂಡು ಪಕ್ಕಕ್ಕೆ ನಿಂತರು. ಎಂಜಿನಿಯರ್ ಟಾರ್ಚ್ ಹಿಡಿದು ಚಾವಣಿಯ ಉದ್ದಕ್ಕೂ ಬೆಳಕು ಹಾಯಿಸಿದರು. ಹುಡುಗ ತೊಟ್ಟಿ ಇಡಬೇಕೆಂದು ಆರಿಸಿದ್ದ ಜಾಗ ತನ್ನ ಓದುವ ಕೋಣೆಯ ಗೋಡೆಯ ಪಕ್ಕ. ಕೆಳಗಿನಿಂದ ನೋಡಿದರೆ ಆ ಗೋಡೆಯ ಅಡಿಯಲ್ಲಿ ಬೀಮೇ ಇಲ್ಲ! ಅದು ಸ್ಲ್ಯಾಬ್ ಹಾಕಿದ ಮೇಲೆ ಕೋಣೆಯನ್ನು ಎರಡಾಗಿಸಲು ಎಬ್ಬಿಸಿದ ನಾಲ್ಕೂವರೆ ಇಂಚಿನ ಅಡ್ಡಗೋಡೆ, ಸ್ಲ್ಯಾಬಿನ ನಡುವೆ ಕೂತಿತ್ತು. ತನ್ನ ಭಾರವೇ ಸ್ಲ್ಯಾಬಿಗೆ ಸಾಕಾಗಿರುವ ಗೋಡೆಯ ಪಕ್ಕ ಇನ್ನೊಂದು ಭಾರ. ಮೇಲಿನಿಂದ ನೋಡಿದವರಿಗೆ ಎಲ್ಲ ಗೋಡೆಗಳೂ ಒಂದೇ ಥರ ಕಾಣುತ್ತವೆ. 'ಗೋಡೆ ಪಕ್ಕ ಇಡಿ, ಏನೂ ಆಗಲ್ಲ' ಎಂದು ಸಲಹೆ ಕೊಡುವವರು ಇದನ್ನು ಹೇಳುವುದಿಲ್ಲ.

ಬಚ್ಚಲುಮನೆಯ ಕೆಳಗೆ ಇನ್ನೊಂದು ಸಂಗತಿ ಕಾದಿತ್ತು. ಅಂಗೈ ಅಗಲದ ಕಂದು ಕಲೆ. ಎಂಜಿನಿಯರ್ ಸುತ್ತಿಗೆಯ ಹಿಡಿಯಿಂದ ತಟ್ಟಿದಾಗ ಬೇರೆ ಕಡೆ 'ಟಣ್' ಎಂದ ಸ್ಲ್ಯಾಬ್ ಅಲ್ಲಿ 'ಡಬ್' ಎಂದಿತು. ಮೇಲಿನ ಬಚ್ಚಲಿನ ನೀರು ಇಳಿದು ಸರಳಿಗೆ ತುಕ್ಕು ಹಿಡಿದಿದೆ, ತುಕ್ಕು ಮೂಲ ಉಕ್ಕಿಗಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುವುದರಿಂದ ಕೆಳಗಿನ ಗಾರೆಯನ್ನು ತಳ್ಳಿ ಬಿಡಿಸುತ್ತಿದೆ ಎಂದು ವಿವರಿಸಿದರು. ಎರಡು ವರ್ಷದಿಂದ ಕೆಳಗಿನವರು ಈ ಕಲೆಯ ಬಗ್ಗೆ ಹೇಳುತ್ತಲೇ ಇದ್ದರು. ಮೇಲಿನವರು ಸುಣ್ಣ ಹೊಡೆಸಿಕೊಡುತ್ತೇವೆ ಎನ್ನುತ್ತಲೇ ಇದ್ದರು. ಅಂದು ಟಾರ್ಚಿನ ಬೆಳಕಿನಲ್ಲಿ ಯಾರೂ ಸುಣ್ಣದ ಮಾತೆತ್ತಲಿಲ್ಲ.

ಹಾಲ್‌ನ ಪಶ್ಚಿಮದ ಗೋಡೆಯ ಅಡಿಯಲ್ಲಿ ಒಳ್ಳೇ ಬೀಮು ಸಿಕ್ಕಿತು. ಪಿಲ್ಲರಿನಿಂದ ಪಿಲ್ಲರಿಗೆ, ಬಿರುಕಿಲ್ಲದೆ. ತೊಟ್ಟಿ ಅಲ್ಲಿ, ಬೀಮಿನ ಉದ್ದಕ್ಕೆ, ಗೋಡೆಗೆ ಅಂಟಿದಂತೆ ಇಡಬಹುದು ಎಂದರು. ಹುಡುಗನ ಮುಖ ಅರಳಿತು. ಆಗ ಎಂಜಿನಿಯರ್ ಮೇಲೆ ಹತ್ತಿ ಹಿಂದಿನ ಬಾಲ್ಕನಿಯ ಬಾಗಿಲು ತೆರೆದರು. ಅಲ್ಲಿಗೆ ಅವರನ್ನು ಯಾರೂ ಕರೆದಿರಲಿಲ್ಲ.

ಬಾಲ್ಕನಿಯ ಹೊರ ಅಂಚಿನಲ್ಲಿ, ಕಟ್ಟೆಗೆ ಒತ್ತಿಕೊಂಡು, ಮೂರು ನೀಲಿ ಡ್ರಮ್ಮುಗಳಿದ್ದವು. ಒಂದೊಂದರಲ್ಲಿ 200 ಲೀಟರ್. ನಲ್ಲಿ ದಿನವೂ ಬರುವುದಿಲ್ಲ, ಡ್ರಮ್ಮು ಎಲ್ಲರ ಮನೆಯಲ್ಲೂ ಇದೆ, ಬಟ್ಟೆ ಒಗೆಯಲು ಅಲ್ಲಿದ್ದರೇ ಅನುಕೂಲ. ಆರು ವರ್ಷದಿಂದ ಅಲ್ಲೇ ಇದ್ದವು.

"ಮೀನಿನ ಮಾತು ಆಮೇಲೆ. ಮೊದಲು ಇವನ್ನ ಇಳಿಸಿರಿ" ಅಂದರು ಎಂಜಿನಿಯರ್.

ಬಾಲ್ಕನಿ ಕೋಣೆಯಂತೆ ಎರಡು ಕಡೆ ಆನಿಕೊಂಡ ನೆಲವಲ್ಲ, ಗೋಡೆಯಿಂದ ಹೊರಕ್ಕೆ ಚಾಚಿದ ಕೈ. ಚಾಚಿದ ಕೈಯ ಮೊಣಕೈ ಬಳಿ ಚೀಲ ನೇತುಹಾಕಿದರೂ ಬೆರಳ ತುದಿಯಲ್ಲಿ ನೇತುಹಾಕಿದರೂ ಚೀಲದ ತೂಕ ಒಂದೇ, ಭುಜಕ್ಕೆ ಮಾತ್ರ ಒಂದೇ ಅಲ್ಲ. ಇಲ್ಲಿ ಬಾಗುವಿಕೆಯೂ ತಿರುವುಮುರುವು, ಮೇಲ್ಮೈ ಹಿಗ್ಗುತ್ತದೆ, ಕೆಳಮೈ ಒತ್ತಿಕೊಳ್ಳುತ್ತದೆ. ಆದ್ದರಿಂದ ಸರಳು ಮೇಲಿರಬೇಕು. ಕಾಂಕ್ರೀಟ್ ಹಾಕುವ ದಿನ ಕೂಲಿಯವರು ಅದೇ ಸರಳುಗಳ ಮೇಲೆ ಬಾಂಡ್ಲಿ ಹೊತ್ತು ಓಡಾಡಿ ಅವನ್ನು ಕೆಳಕ್ಕೆ ತುಳಿದುಬಿಟ್ಟಿದ್ದರೆ ಹೊರಗಿನಿಂದ ಯಾರಿಗೂ ಗೊತ್ತಾಗದು. ಹುಡುಗ ಲೆಕ್ಕ ಹಾಕಿದ. ಬಾಲ್ಕನಿ ಹೊರಚಾಚಿದ್ದು 1.2 ಮೀಟರ್. ಮಾನಕದಲ್ಲಿ ಬಾಲ್ಕನಿಗೆ ಚದರ ಮೀಟರಿಗೆ 300 ಕೆ.ಜಿ. ಅದರಿಂದ ಬುಡದಲ್ಲಿ ಪ್ರತಿ ಮೀಟರ್ ಅಗಲಕ್ಕೆ ಬರುವ ಭ್ರಾಮಕ 216 ಕೆ.ಜಿ.-ಮೀಟರ್. ಒತ್ತಾಗಿ ನಿಂತ ಮೂರು ತುಂಬಿದ ಡ್ರಮ್ಮುಗಳು 630 ಕೆ.ಜಿ., 1.8 ಮೀಟರ್ ಅಗಲದಲ್ಲಿ, ಗೋಡೆಯಿಂದ 0.9 ಮೀಟರ್ ದೂರದಲ್ಲಿ. 315 ಬಂತು. ಸುಮಾರು ಒಂದೂವರೆ ಪಟ್ಟು. ಒಗೆಯುವ ಕಲ್ಲು, ಅದರ ಮುಂದೆ ನಿಂತು ಒಗೆಯುವ ತಾಯಿ ಇನ್ನೂ ಲೆಕ್ಕಕ್ಕೆ ಬಂದಿರಲಿಲ್ಲ. ಡ್ರಮ್ಮುಗಳನ್ನು ಗೋಡೆಯ ಬುಡಕ್ಕೆ ಎಳೆದರೆ ಅದೇ 315 ಎಂಬುದು 105ಕ್ಕೆ ಇಳಿಯುತ್ತಿತ್ತು.

ವಿನ್ಯಾಸದಲ್ಲಿ ಸುರಕ್ಷತೆಗೆಂದು ಹೆಚ್ಚುವರಿ ಬಲ ಇಟ್ಟಿರುತ್ತಾರೆ, ಆರು ವರ್ಷ ಬಾಲ್ಕನಿ ತಡೆದದ್ದು ಅದರ ಬಲದಿಂದ. ಆ ಹೆಚ್ಚುವರಿ ಇರುವುದು ಸಿಮೆಂಟಿನಲ್ಲೋ ಕೆಲಸದಲ್ಲೋ ಆಗಬಹುದಾದ ಕೊರತೆಗೆ. ಡ್ರಮ್ಮಿಗಲ್ಲ.

ಹೀಗೇ ಆಗುತ್ತದೆ. ಹೊಸದಾಗಿ ಬಂದ ಭಾರಕ್ಕೆ ಜನ ಹೆದರುತ್ತಾರೆ, ದಿನವೂ ನೋಡುವ ಭಾರವನ್ನು ಮರೆಯುತ್ತಾರೆ. ಈ ಸೀಮೆಯವರು ಪ್ರತಿ ಮಳೆಗಾಲ ತುಂಗಭದ್ರಾ ಅಣೆಕಟ್ಟಿನ ಕಲ್ಲಿನ ಗೋಡೆಯನ್ನು ನೋಡಿ, ಇಷ್ಟು ನೀರನ್ನು ಅದು ಹೇಗೆ ತಡೆಯುತ್ತದೋ ಎಂದು ಬೆರಗಾಗುವವರೇ. 2024ರ ಆಗಸ್ಟ್ 10ರ ರಾತ್ರಿ ಜಲಾಶಯ ತುಂಬಿದ್ದಾಗ ಗೋಡೆಗೆ ಏನೂ ಆಗಲಿಲ್ಲ. 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಆ ಗೇಟೇ ಕೊಚ್ಚಿಹೋಯಿತು. ಗೇಟನ್ನು ಏರಿಸಿ ಇಳಿಸುವ ಸರಪಳಿ. ಬರ್ಲಿನ್ ನಗರದ ಒಂದು ಹೋಟೆಲಿನ ಒಳಗೆ ಹತ್ತು ಲಕ್ಷ ಲೀಟರಿನ ಎತ್ತರದ ಮೀನಿನ ತೊಟ್ಟಿಯಿತ್ತು. 2022ರ ಡಿಸೆಂಬರ್ 16ರ ಬೆಳಗಿನ ಜಾವ ಅದು ಒಡೆದಾಗಲೂ ಹೊತ್ತ ನೆಲ ಕುಸಿದದ್ದಲ್ಲ, ತೊಟ್ಟಿಯ ಅಕ್ರಿಲಿಕ್ ಗೋಡೆಯೇ ಒಡೆದದ್ದು. ಸಾವಿರದ ಐನೂರರಷ್ಟು ಮೀನುಗಳಿದ್ದವು. ಬೆಳಗಿನ ಜಾವವಾದ್ದರಿಂದ ಅಲ್ಲಿ ಹೆಚ್ಚು ಜನ ಇರಲಿಲ್ಲ.

ಮನೆಯ ತೊಟ್ಟಿಗೂ ಅಪಾಯ ನೆಲಕ್ಕಿಂತ ಹೆಚ್ಚಾಗಿ ಸ್ಟ್ಯಾಂಡಿನಿಂದ ಬರುತ್ತದೆ. ಅಂಗಡಿಯವನು ಕೊಟ್ಟಿದ್ದ ಸ್ಟ್ಯಾಂಡಿಗೆ ಆರು ಕಾಲು. ಆರು ಕಾಲಾದರೆ ಗಟ್ಟಿ ಎಂದು ತಂದೆಯ ನಂಬಿಕೆ. 1638ರಲ್ಲಿ ಅಚ್ಚಾದ ತನ್ನ ಕೊನೆಯ ದೊಡ್ಡ ಗ್ರಂಥದಲ್ಲಿ ಗೆಲಿಲಿಯೋ ಒಂದು ಕಥೆ ಹೇಳುತ್ತಾನೆ. ದೊಡ್ಡದೊಂದು ಅಮೃತಶಿಲೆಯ ಕಂಬವನ್ನು ಎರಡು ತುದಿಗೆ ಎರಡು ದಿಮ್ಮಿ ಕೊಟ್ಟು ಮಲಗಿಸಿದ್ದರು. ನಡುವೆ ಮುರಿದೀತೆಂದು ಒಬ್ಬ ಕೆಲಸಗಾರ ಮೂರನೆಯ ದಿಮ್ಮಿಯನ್ನು ನಡುವೆ ತುರುಕಿಸಿದ. ಕೆಲವು ತಿಂಗಳ ಮೇಲೆ ಕಂಬ ಸರಿಯಾಗಿ ಆ ಮೂರನೆಯ ದಿಮ್ಮಿಯ ಮೇಲೆಯೇ ಮುರಿದಿತ್ತು. ತುದಿಯ ಒಂದು ದಿಮ್ಮಿ ಲಡ್ಡಾಗಿ ತಗ್ಗಿತ್ತು, ನಡುವಿನದು ತಗ್ಗಿರಲಿಲ್ಲ. ಆರು ಕಾಲಿನ ಸ್ಟ್ಯಾಂಡು ಏರುಪೇರಾದ ಟೈಲ್ಸಿನ ಮೇಲೆ ನಿಂತರೆ ಗಾಜಿಗೆ ಇದೇ ಗತಿ.

ಎರಡು ವಾರ ಕೆಲಸ ನಡೆಯಿತು. ಬಚ್ಚಲಿನ ನೆಲ ಒಡೆಸಿ ಸೋರಿಕೆ ನಿಲ್ಲಿಸಿ, ಕೆಳಗಿನವರ ಚಾವಣಿಯ ಸಡಿಲ ಗಾರೆ ಕೆತ್ತಿಸಿ, ತುಕ್ಕು ಉಜ್ಜಿಸಿ ದುರಸ್ತಿ ಮಾಡಿಸಿದರು. ಮೀನಿಗಿಟ್ಟಿದ್ದ ದುಡ್ಡು ಅಲ್ಲಿಗೇ ಮುಗಿಯಿತು, ಹುಡುಗ ಸಾಕಷ್ಟು ಮುಖ ಊದಿಸಿಕೊಂಡ. ಒಂದು ಡ್ರಮ್ಮು ಬಾಲ್ಕನಿಯ ಒಳಗೋಡೆಗೆ ಸರಿಯಿತು, ಎರಡು ನೆಲ ಅಂತಸ್ತಿಗೆ ಇಳಿದವು. ತಾಯಿಗೆ ನೀರು ಹೊರುವ ಕೆಲಸ ಹೆಚ್ಚಾಯಿತು. ಅದನ್ನು ಅಪ್ಪ ಮಗ ಹಂಚಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ತೊಟ್ಟಿಗೆ ಅನುಮತಿ ಸಿಕ್ಕಿತು. ಪಶ್ಚಿಮದ ಗೋಡೆಯ ಪಕ್ಕ ರಸಮಟ್ಟ ಇಟ್ಟು ಸ್ಟ್ಯಾಂಡು ಸಮ ಮಾಡಿ, ಕಾಲುಗಳ ಕೆಳಗೆ ಉದ್ದನೆಯ ತೇಗದ ಪಟ್ಟಿ, ಗಾಜಿನ ಕೆಳಗೆ ಥರ್ಮಾಕೋಲ್ ಹಾಳೆ ಹಾಕಿ ತೊಟ್ಟಿ ಇಟ್ಟರು. ದಿನಕ್ಕೆ ಐದು ಕೊಡದಂತೆ ನಾಲ್ಕು ದಿನ ತುಂಬಿಸಿದರು. ಪ್ರತಿ ಸಂಜೆ ಹುಡುಗ ಕೆಳಗೆ ಹೋಗಿ "ಆಂಟಿ, ಒಂದ್ಸಲ ನೋಡ್ತೀನಿ" ಎಂದು ಬೀಮನ್ನು ಟಾರ್ಚಿನಲ್ಲಿ ನೋಡಿ ಬರುತ್ತಿದ್ದ. ಕೆಳಗಿನ ಮನೆಯಾಕೆ ತೊಟ್ಟಿಲನ್ನು ಬೇರೆ ಕೋಣೆಗೆ ಬದಲಿಸಿದ್ದರು. ಐದನೆಯ ದಿನ ತಾವೇ ಹಳೇ ಕೊಂಡಿಗೆ ಕಟ್ಟಿಕೊಂಡರು.

ತಾತನ ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಅವರು ಮೀನುಗಳನ್ನು ಬಹಳ ಹೊತ್ತು ನೋಡಿದರು. ರಾತ್ರಿ ಎಲ್ಲರೂ ಮಲಗಿದ ಮೇಲೆ ಹುಡುಗನನ್ನು ಕರೆದರು.

"ತಮ್ಮಾ, ನಿನ್ನ ಪುಸ್ತಕ ತಗೋ. ನಮ್ಮ ಹಳೇ ಮನಿ ಮಾಳಿಗಿ ಎಷ್ಟು ತೂಕ ಇತ್ತು, ಹೇಳು."

ಮೆಟ್ರಿಯ ಆ ಮನೆಯನ್ನು ಹುಡುಗ ನೋಡಿರಲಿಲ್ಲ. ತಾತ ವಿವರಿಸಿದರು. ಬೇವಿನ ತೊಲೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆ ಚಕ್ಕೆ, ಸೊಪ್ಪುಸದೆ, ಎಲ್ಲದರ ಮೇಲೆ ಸವಳು ಮಣ್ಣು. ಮಣ್ಣು ಒಂದಡಿ ದಪ್ಪ. ಕೋಣೆ ಹತ್ತಡಿ, ಹನ್ನೆರಡಡಿ. ಹುಡುಗ ಒತ್ತಿದ ಮಣ್ಣಿಗೆ ಘನ ಮೀಟರಿಗೆ 1700 ಕೆ.ಜಿ. ಹಿಡಿದ. ಚದರ ಮೀಟರಿಗೆ 500 ಕೆ.ಜಿ.ಗೂ ಮೇಲೆ ಬಂತು. ಕೋಣೆಗೆ ಐದೂವರೆ ಟನ್ನಿಗೂ ಹೆಚ್ಚು. ಅವನು ತೊಟ್ಟಿಯ ಕಡೆ ನೋಡಿದ. ಹನ್ನೆರಡು ತೊಟ್ಟಿಗಳಿಗಿಂತ ಜಾಸ್ತಿ.

"ಅದರ ಮ್ಯಾಲ ಎರಡು ಗಾಡಿ ಮಣ್ಣು ಹಾಕಿದ್ರ?"

"ಒಂದು ಗಾಡಿ ಅಂದ್ರೆ ಎಷ್ಟು ತಾತ?"

"ಆರು ಕ್ವಿಂಟಲು ಅಂತ ಬರಕೋ."

ಹುಡುಗ ಬರೆದುಕೊಂಡ. ಏಳು ಟನ್ನಿನ ಹತ್ತಿರ.

"ನಾಕು ದಿನ ಜಡಿಮಳಿ ಹಿಡಿದಿತ್ತು. ಮಣ್ಣು ಎಷ್ಟು ನೀರು ಕುಡಿತೈತಿ?"

ಅದಕ್ಕೆ ಹುಡುಗನ ಹತ್ತಿರ ಕರಾರುವಾಕ್ಕಾದ ಅಂಕಿ ಇರಲಿಲ್ಲ. ಒಂದೋ ಒಂದೂವರೆಯೋ ಟನ್ ಕೂಡಬಹುದು ಅಂದ. ತಾತ ತಲೆಯಾಡಿಸಿದರು.

"ಹಿಂದಿನ ವರ್ಷ ಸೋರಿತ್ತು. ಸೋರಬಾರದಂತ ನಮ್ಮಪ್ಪ ಎರಡು ಗಾಡಿ ಹಾಕಿಸಿದ್ದ. ಸಣ್ಣಾವ ನಡುವ ಮಲಗಿದ್ದ, ನಾನು ಬಾಗಲ ಹತ್ರ."

ತಾತನಿಗೆ ಒಬ್ಬ ತಮ್ಮನಿದ್ದನೆಂದು ಹುಡುಗನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅವನ ಬಾಯಿಂದ ಬಂದದ್ದು ಎಂಜಿನಿಯರ್ ಹೇಳಿದ್ದ ಮಾತು. ಕಲ್ಲು ಹೇಳದೆ ಮುರಿಯುತ್ತದೆ, ಆದರೆ ಮರವಾಗಲಿ, ಸರಿಯಾಗಿ ಉಕ್ಕು ಹಾಕಿದ ಸ್ಲ್ಯಾಬಾಗಲಿ ಮುರಿಯುವ ಮೊದಲು ಬಾಗಿ, ಬಿರುಕು ಬಿಟ್ಟು, ಸದ್ದು ಮಾಡಿ ಎಚ್ಚರಿಸುತ್ತದೆ ಎಂದಿದ್ದರು ಅವರು.

"ಬೇವಿನ ಜಂತಿ ಅಂದ್ರಲ್ಲ ತಾತ, ಅದು ಸದ್ದು ಮಾಡಲಿಲ್ವಾ?"

"ಮಾಡಿತ್ತು" ಅಂದರು ತಾತ. "ಮಳಿ ಸದ್ದಿನಾಗ ಕೇಳಲಿಲ್ಲ."